ಮನೆಯ ಗಣಕಯಂತ್ರಕ್ಕೆ ಕಾರ್ಯಾಚರಣ ವ್ಯವಸ್ಥೆಯ ಆಯ್ಕೆ: ಕನ್ನಡ ಬರಹದ ದೃಷ್ಟಿಯಿಂದ ಒಂದು ವಿವೇಚನೆ

ಮನೆಗೆ ಬೇಕಾದ ಯಾವುದೇ ಉಪಕರಣವನ್ನು ಕೊಳ್ಳುವಾಗ ಅದರ ಬೆಲೆ, ಬಾಳಿಕೆ, ದುರಸ್ತಿಯ ಸೌಕರ್ಯ ಇವನ್ನು ವಿಚಾರಿಸುವುದು ಲೋಕರೂಢಿ. ಗಣಕಯಂತ್ರದ ವಿಷಯದಲ್ಲಿ ಈ ವಿಚಾರಣೆ ಯಂತ್ರದ ಮಟ್ಟಿಗೇ ನಿಂತುಬಿಡುತ್ತದೆ. ಆ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ, ಎಂದರೆ ಕಾರ್ಯಾಚರಣ ವ್ಯವಸ್ಥೆ, ಯಾವುದಿರಬೇಕೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅಂಗಡಿಯಲ್ಲಿ ತುಂಬಿಕೊಟ್ಟದ್ದನ್ನೇ ಸ್ವೀಕರಿಸುವುದು ವಾಡಿಕೆಯಾಗಿದೆ.

ಆದರೆ ೨೦೨೫ರ ಅಕ್ಟೋಬರ್ ೧೪ರಂದು ಈ ಪ್ರಶ್ನೆ ಕೇಳದೆಯೇ ಮನೆಬಾಗಿಲಿಗೆ ಬಂದು ನಿಂತಿತು. ಅಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಸಾಮಾನ್ಯ ರಕ್ಷಣಾ ಪರಿಷ್ಕರಣೆಗಳನ್ನು ನಿಲ್ಲಿಸಿತು; ಖಾಸಗಿ ಬಳಕೆದಾರರಿಗೆ ೨೦೨೬ರ ಅಕ್ಟೋಬರ್ ೧೩ರವರೆಗೆ ಪ್ರತ್ಯೇಕವಾದ ವಿಸ್ತರಣೆಯ ಯೋಜನೆಯೊಂದನ್ನು ಪ್ರಕಟಿಸಿತು. ಮುಂದಿನ ವ್ಯವಸ್ಥೆಯಾದ ವಿಂಡೋಸ್ ೧೧ಕ್ಕೆ ಕನಿಷ್ಠ ೪ ಜಿಬಿ ಸ್ಮರಣಶಕ್ತಿ, ೬೪ ಜಿಬಿ ಸಂಗ್ರಹಸ್ಥಾನ ಇವುಗಳೊಡನೆ ಟಿಪಿಎಂ ೨.೦ ಎಂಬ ರಕ್ಷಣಾ ಸಾಧನವೂ, ನಿಗದಿಪಡಿಸಿದ ಪಟ್ಟಿಯಲ್ಲಿರುವ ಪ್ರೊಸೆಸರೂ ಬೇಕು. ಹೀಗಾಗಿ ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಅನೇಕ ಹಳೆಯ ಯಂತ್ರಗಳು ಅದಕ್ಕೆ ಅನರ್ಹವಾದವು. ನಂಜನಗೂಡಿನ ನಿವೃತ್ತ ಉಪಾಧ್ಯಾಯರ ಮನೆಯಲ್ಲಾಗಲಿ, ತಿರುಮಕೂಡಲು ನರಸೀಪುರದ ವರ್ತಕರ ಅಂಗಡಿಯಲ್ಲಾಗಲಿ ಇರುವ ಇಂಥ ಯಂತ್ರವನ್ನು ಎಸೆಯಬೇಕೆ, ಇಟ್ಟುಕೊಳ್ಳಬೇಕೆ, ಬೇರೆ ವ್ಯವಸ್ಥೆಗೆ ಒಗ್ಗಿಸಬೇಕೆ ಎಂಬುದನ್ನು ತಿಳಿದು ನಿರ್ಧರಿಸುವುದು ಅವಶ್ಯಕ.

೧. ಕಾರ್ಯಾಚರಣ ವ್ಯವಸ್ಥೆಯ ಸ್ವರೂಪ

ಗಣಕಯಂತ್ರದ ಕೀಲಿಮಣೆ, ಪರದೆ, ಸಂಗ್ರಹಸ್ಥಾನ, ಮುದ್ರಕ ಇವು ತಮ್ಮಷ್ಟಕ್ಕೆ ತಾವು ಜಡವಸ್ತುಗಳು. ಒಂದರ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವುದು, ಸ್ಮರಣಶಕ್ತಿಯನ್ನು ಹಂಚಿಕೊಡುವುದು, ಕಡತಗಳನ್ನು ಜೋಡಿಸಿಡುವುದು, ಅನ್ಯರ ಪ್ರವೇಶವನ್ನು ತಡೆಯುವುದು ಇವೆಲ್ಲ ಕಾರ್ಯಾಚರಣ ವ್ಯವಸ್ಥೆಯ ಹೊಣೆ. ಶಾಲೆಯೊಂದರಲ್ಲಿ ಪಾಠ ಹೇಳುವವರು ಉಪಾಧ್ಯಾಯರೇ ಆದರೂ ಗಂಟೆ, ಕೊಠಡಿ, ವೇಳಾಪಟ್ಟಿಗಳನ್ನು ಕಚೇರಿಯು ಸರಿಯಾಗಿ ನಿರ್ವಹಿಸದಿದ್ದರೆ ಪಾಠ ಸಾಗದು. ಪತ್ರ ಬರೆಯುವ, ಲೆಕ್ಕ ಇಡುವ ತಂತ್ರಾಂಶಗಳು ಉಪಾಧ್ಯಾಯರಿದ್ದಂತೆ. ಕಾರ್ಯಾಚರಣ ವ್ಯವಸ್ಥೆ ಕಚೇರಿಯಿದ್ದಂತೆ. ಒಂದು ಕಚೇರಿಯ ನಿಯಮಕ್ಕೆ ಒಗ್ಗಿದ ತಂತ್ರಾಂಶ ಇನ್ನೊಂದರಲ್ಲಿ ನಡೆಯದಿರಬಹುದು. ಆಯ್ಕೆಯ ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

೨. ಸ್ಪರ್ಧೆಯಲ್ಲಿರುವ ಮೂರು ವ್ಯವಸ್ಥೆಗಳು

ಮನೆಬಳಕೆಗೆ ಇಂದು ಮುಖ್ಯವಾಗಿ ಮೂರು ವ್ಯವಸ್ಥೆಗಳು ಲಭ್ಯವಿವೆ.

ಮೊದಲನೆಯದು ವಿಂಡೋಸ್. ೧೯೮೫ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಇದು ನಮ್ಮ ಜಿಲ್ಲೆಯ ಅಂಗಡಿ, ಕಚೇರಿ, ಮುದ್ರಣಾಲಯಗಳಲ್ಲಿ ಬಹುಪಾಲು ರೂಢಿಯಲ್ಲಿದೆ. ದುರಸ್ತಿ ಬಲ್ಲವರು ಸುಲಭವಾಗಿ ದೊರೆಯುವುದು, ಎಲ್ಲ ಬಗೆಯ ಮುದ್ರಕ ಹಾಗೂ ಸ್ಕ್ಯಾನರುಗಳು ಹೊಂದಿಕೊಳ್ಳುವುದು ಇದರ ಗುಣ. ಇದಕ್ಕೆ ಪರವಾನಗಿಯ ಬೆಲೆ ತೆರಬೇಕು. ಆ ಬೆಲೆಯನ್ನು ತಪ್ಪಿಸಲು ಕಳ್ಳಪ್ರತಿಯನ್ನು ಹಾಕಿಸಿಕೊಳ್ಳುವುದು ಅಲ್ಪವೆಂದು ತೋರಿದರೂ, ಅದು ಪರರ ದುಡಿಮೆಯ ಅಪಹರಣವೇ ಸರಿ. ಮಕ್ಕಳಿಗೆ ಪ್ರಾಮಾಣಿಕತೆಯನ್ನು ಬೋಧಿಸುವ ಮನೆಗೂ ಶಾಲೆಗೂ ಅದು ಶೋಭಿಸದು.

ಎರಡನೆಯದು ಆಪಲ್ ಸಂಸ್ಥೆಯ ಮ್ಯಾಕ್ ವ್ಯವಸ್ಥೆ. ಮ್ಯಾಕಿಂಟಾಷ್ ಯಂತ್ರ ಮೊದಲು ಹೊರಬಂದದ್ದು ೧೯೮೪ರಲ್ಲಿ. ಯಂತ್ರವೂ ವ್ಯವಸ್ಥೆಯೂ ಒಂದೇ ಕೈಯಿಂದ ಸಿದ್ಧವಾಗುವುದರಿಂದ ಇದರ ನಡಿಗೆ ಸುಗಮ. ಕನ್ನಡದ ಅಕ್ಷರಗಳೂ ಕೀಲಿಮಣೆಯೂ ಅದರಲ್ಲೇ ಅಡಕವಾಗಿವೆ. ಆದರೆ ಆ ಸಂಸ್ಥೆಯ ದುಬಾರಿ ಯಂತ್ರವನ್ನೇ ಕೊಳ್ಳಬೇಕಾದುದರಿಂದ, ಇರುವ ಯಂತ್ರವನ್ನು ಉಳಿಸಿಕೊಳ್ಳಬಯಸುವವರಿಗೆ ಇದು ಉತ್ತರವಾಗದು.

ಮೂರನೆಯದು ಲಿನಕ್ಸ್. ತಂತ್ರಾಂಶವನ್ನು ಬಳಸುವ, ಅರಿಯುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂದು ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ವ್ಯವಸ್ಥೆಯ ತಿರುಳನ್ನು ಬರೆದು ಲೋಕಕ್ಕೆ ಒಪ್ಪಿಸಿದರು. ಇವೆರಡರ ಸಂಯೋಗದಿಂದ ಬೆಳೆದ ವ್ಯವಸ್ಥೆಗಳಲ್ಲಿ ೨೦೦೪ರಲ್ಲಿ ಬಂದ ಉಬುಂಟು, ೨೦೦೬ರಲ್ಲಿ ಬಂದ ಮಿಂಟ್, ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಮುಂತಾದವು ಪ್ರಸಿದ್ಧ. ಆಂಡ್ರಾಯ್ಡ್ ದೂರವಾಣಿಯ ಒಳಗೂ ಇದೇ ಲಿನಕ್ಸಿನ ತಿರುಳು ಇರುವುದರಿಂದ, ಅರಿಯದೆಯೇ ಇದನ್ನು ಬಳಸುತ್ತಿರುವವರ ಸಂಖ್ಯೆ ಬಹು ದೊಡ್ಡದು. ಇದಕ್ಕೆ ಪರವಾನಗಿಯ ಬೆಲೆ ಇಲ್ಲ. ಹಳೆಯ ಯಂತ್ರದಲ್ಲೂ ನಡೆಯುತ್ತದೆ. ೨೦೨೪ರ ಏಪ್ರಿಲಿನಲ್ಲಿ ಬಂದ ಉಬುಂಟು ಆವೃತ್ತಿಗೆ ೫ ವರ್ಷಗಳ ಪರಿಷ್ಕರಣೆಯ ಭರವಸೆಯಿದೆ. ಆದರೆ ಕೆಲವು ಮುದ್ರಕಗಳು ಹೊಂದಿಕೊಳ್ಳದಿರುವುದು, ಸಣ್ಣ ಊರುಗಳಲ್ಲಿ ಇದನ್ನು ಬಲ್ಲ ದುರಸ್ತಿಗಾರರು ಕಡಮೆಯಿರುವುದು ಇದರ ನೈಜವಾದ ಕೊರತೆಗಳು.

೩. ಕನ್ನಡ ಅಕ್ಷರದ ಪ್ರಶ್ನೆ

ಇಷ್ಟರ ಮೇಲೆಯೇ ತೀರ್ಪು ಹೇಳುವುದಾದರೆ ಪ್ರಶ್ನೆ ಸುಲಭವಾಗಿ ಬಗೆಹರಿಯುತ್ತಿತ್ತು. ಕನ್ನಡಿಗರ ಮನೆಗಳಲ್ಲಿ ಅದಕ್ಕಿಂತ ಆಳವಾದ ಸಂಗತಿಯೊಂದಿದೆ. ಅದು ಈವರೆಗೆ ಬರೆದಿಟ್ಟ ಕನ್ನಡ ಕಡತಗಳ ಗತಿ.

ಗಣಕದಲ್ಲಿ ಕನ್ನಡವನ್ನು ನೆಲೆಗೊಳಿಸಿದ ಮಹನೀಯರ ಋಣ ದೊಡ್ಡದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ನಾಡಿನಲ್ಲೆಲ್ಲ ಪ್ರಚಲಿತವಾಯಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ'ಯು ಸರ್ಕಾರಿ ಕಚೇರಿ ಹಾಗೂ ಶಾಲೆಗಳನ್ನು ತಲಪಿತು. ಇವೆರಡೂ ವಿಂಡೋಸ್‌ಗಾಗಿ ಸಿದ್ಧವಾದವು.

ಆ ಕಾಲದಲ್ಲಿ ಬಳಕೆಯಲ್ಲಿದ್ದ ಅಕ್ಷರವಿನ್ಯಾಸಗಳ ಕ್ರಮವನ್ನು ಇಲ್ಲಿ ಅರಿಯಬೇಕು. ಗಣಕವು ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ನೆನಪಿಡುತ್ತದೆ. ಕನ್ನಡಕ್ಕೆ ಸ್ವಂತ ಸಂಖ್ಯೆಗಳ ಬಳಕೆ ಇನ್ನೂ ನೆಲೆಗೊಳ್ಳದಿದ್ದ ಕಾರಣ, ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸಲಾಯಿತು. ಕಣ್ಣಿಗೆ ಕಾಣುವುದು ಕನ್ನಡ. ಒಳಗೆ ಉಳಿಯುವುದು ರೋಮನ್ ಚಿಹ್ನೆಗಳ ಸಾಲು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ಗೋಜಲು ಕಾಣುತ್ತದೆ. ಹುಡುಕಿದರೆ ಪದ ಸಿಗದು. ಅಕಾರಾದಿಯಾಗಿ ಜೋಡಿಸಿದರೆ ಕ್ರಮ ಬಾರದು.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. ೧೯೯೧ರಲ್ಲಿ ಪ್ರಕಟವಾದ ಇದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾದವು. ಅಕಾರಕ್ಕೆ ೩೨೦೫, ಕಕಾರಕ್ಕೆ ೩೨೨೧ ಎಂಬಂತೆ ಪ್ರತಿ ವರ್ಣಕ್ಕೂ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. 'ನಂಜನಗೂಡು' ಎಂಬ ಪದವು ನಕಾರ, ಅನುಸ್ವಾರ, ಜಕಾರ, ನಕಾರ, ಗಕಾರ, ದೀರ್ಘ ಊಕಾರದ ಚಿಹ್ನೆ, ಡಕಾರ, ಉಕಾರದ ಚಿಹ್ನೆ ಹೀಗೆ ೮ ಸಂಖ್ಯೆಗಳಾಗಿ ಉಳಿಯುತ್ತದೆ. ಅದನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಒಂದೇ ತೆರನಾಗಿ ಓದುತ್ತವೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಯೂನಿಕೋಡ್ ಅಕ್ಷರವಿನ್ಯಾಸ ಬಂದಿತು. ಲಿನಕ್ಸಿಗೆ 'ಲೋಹಿತ್', 'ಗುಬ್ಬಿ', 'ನವಿಲು' ಮೊದಲಾದವು ದೊರೆಯುತ್ತವೆ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಇತಿಹಾಸದಿಂದ ಇದಕ್ಕೊಂದು ನಿದರ್ಶನ ಸಿಗುತ್ತದೆ. ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳು ಅಲ್ಲಿನ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಪ್ರಕಟಿಸಿದರು. ಆ ಪ್ರತಿ ಇದ್ದುದು ಗ್ರಂಥಲಿಪಿಯಲ್ಲಿ. ಗರಿ ಬಾಳಿದ್ದರಿಂದ ಮಾತ್ರವೇ ಆ ಕೃತಿ ಲೋಕಕ್ಕೆ ದೊರೆಯಲಿಲ್ಲ. ಹಲವರು ಕಲಿತು ಉಳಿಸಿಕೊಂಡು ಬಂದ ಲಿಪಿಯಲ್ಲಿ ಅದನ್ನು ಬರೆದಿದ್ದುದರಿಂದ ಓದಲು ಸಾಧ್ಯವಾಯಿತು. ಒಂದು ತಂತ್ರಾಂಶಕ್ಕೆ ಮಾತ್ರ ತಿಳಿಯುವ ಸಂಕೇತದಲ್ಲಿ ಬರೆದಿಟ್ಟ ಕಡತಕ್ಕೆ ಆ ಭಾಗ್ಯವಿಲ್ಲ. ಶಾಲೆಯ ಹಳೆಯ ಸಂಚಿಕೆ, ಮನೆತನದ ವಂಶಾವಳಿ, ಉಪಾಧ್ಯಾಯರು ವರ್ಷಗಟ್ಟಲೆ ಬರೆದ ಪಾಠಟಿಪ್ಪಣಿ ಇವು ಯಂತ್ರ ಕೆಟ್ಟ ದಿನವಲ್ಲ, ಅಕ್ಷರವಿನ್ಯಾಸ ಮರೆಯಾದ ದಿನ ನಿಜವಾಗಿ ನಷ್ಟವಾಗುತ್ತವೆ.

ಆದುದರಿಂದ ಮೊದಲು ನಿರ್ಧರಿಸಬೇಕಾದುದು ಬರಹ ಉಳಿಯುವ ರೂಪವನ್ನು. ಕಾರ್ಯಾಚರಣ ವ್ಯವಸ್ಥೆಯ ನಿರ್ಧಾರ ಅದರ ಅನಂತರದ್ದು. ಬರಹ ಯೂನಿಕೋಡಿನಲ್ಲಿದ್ದರೆ ವ್ಯವಸ್ಥೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ಇಲ್ಲದಿದ್ದರೆ ಬಳಕೆದಾರನು ತನ್ನ ಹಳೆಯ ಕಡತಗಳಿಗೇ ಸೆರೆಯಾಳಾಗುತ್ತಾನೆ.

೪. ಕೆಲಸಕ್ಕೆ ತಕ್ಕ ವ್ಯವಸ್ಥೆ

ಈ ತಳಹದಿ ಭದ್ರವಾದ ಮೇಲೆ ಉಳಿದದ್ದು ಅವರವರ ಕೆಲಸದ ವಿಚಾರ.

ಟ್ಯಾಲಿಯಲ್ಲಿ ಲೆಕ್ಕ ಇಡುವ ವರ್ತಕರಿಗೆ ವಿಂಡೋಸ್ ಅನಿವಾರ್ಯ. ಆ ತಂತ್ರಾಂಶ ರೂಪುಗೊಂಡಿರುವುದೇ ಅದಕ್ಕಾಗಿ. ಅಂಥವರು ಹಣ ಕೊಟ್ಟು ವಿಂಡೋಸ್ ೧೧ ಇರುವ ಯಂತ್ರವನ್ನು ಕೊಳ್ಳುವುದು ವಿವೇಕ. ಮದುವೆಯ ಕರೆಯೋಲೆ, ಕರಪತ್ರಗಳನ್ನು ಹಳೆಯ ಅಕ್ಷರವಿನ್ಯಾಸಗಳಿಂದ ಪೇಜ್‌ಮೇಕರಿನಲ್ಲಿ ಜೋಡಿಸುವ ಮುದ್ರಣಾಲಯದವರಿಗೂ ಸದ್ಯಕ್ಕೆ ಅದೇ ಗತಿ. ಆದರೆ ಪೇಜ್‌ಮೇಕರಿನ ಕೊನೆಯ ಆವೃತ್ತಿ ಹೊರಬಂದದ್ದು ೨೦೦೧ರಲ್ಲಿ ಎಂಬುದನ್ನು ಅವರು ಮರೆಯಬಾರದು.

ಪತ್ರ, ಲೇಖನ, ಪ್ರಶ್ನೆಪತ್ರಿಕೆಗಳನ್ನು ಬರೆಯುವ ಉಪಾಧ್ಯಾಯರಿಗೆ, ಅಂತರಜಾಲದಲ್ಲಿ ಓದುವ ಹಿರಿಯರಿಗೆ, ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಲಿನಕ್ಸ್ ಧಾರಾಳವಾಗಿ ಸಾಕು. ಲಿಬ್ರೆಆಫೀಸ್ ಎಂಬ ತಂತ್ರಾಂಶದಲ್ಲಿ ಬರವಣಿಗೆ, ಲೆಕ್ಕದ ಹಾಳೆ ಎರಡೂ ಸಾಧ್ಯ. ಅದರ ಕಡತರೂಪವು ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದುದು. ಕೆ. ಪಿ. ರಾವ್ ವಿನ್ಯಾಸವನ್ನು ಅನುಸರಿಸುವ ಕೀಲಿಮಣೆ ಲಿನಕ್ಸಿನಲ್ಲಿಯೂ ದೊರೆಯುವುದರಿಂದ, ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕಾಗಿಲ್ಲ.

೫. ನೆರೆನಾಡಿನ ಶಾಲೆಗಳ ಅನುಭವ

ಲಿನಕ್ಸ್ ಪಂಡಿತರಿಗೆ ಮಾತ್ರ ಸಲ್ಲುವುದೆಂಬ ಶಂಕೆಗೆ ಉತ್ತರ ದೂರವಿಲ್ಲ. ನಂಜನಗೂಡಿನ ಮಗ್ಗುಲಲ್ಲಿ ಹರಿಯುವ ಕಪಿಲೆ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಆ ರಾಜ್ಯದ ಶಾಲೆಗಳಲ್ಲಿ ೨೦೦೧ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾಯಿತು. ಕ್ರಮೇಣ ಅದು ಗ್ನೂ ಲಿನಕ್ಸನ್ನೇ ಅವಲಂಬಿಸಿತು. ೨೦೧೭ರಲ್ಲಿ 'ಕೈಟ್' ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ, ಕನ್ನಡದ ಪಠ್ಯಪುಸ್ತಕದ ನೆರವಿನಿಂದ, ಗಣಕವಿದ್ಯೆಯನ್ನು ಕಲಿಯುತ್ತ ಬಂದಿದ್ದಾರೆ. ಕರ್ನಾಟಕದಲ್ಲಿಯೂ ೨೦೧೦ರ ದಶಕದಲ್ಲಿ ಪ್ರೌಢಶಾಲಾ ಶಿಕ್ಷಕರ 'ವಿಷಯ ಶಿಕ್ಷಕರ ವೇದಿಕೆ'ಯ ತರಬೇತಿಗಳು ಉಬುಂಟುವನ್ನು ಬಳಸಿಯೇ ನಡೆದವು. ಕಲಿಸುವವರಿದ್ದರೆ ಕಲಿಯುವುದು ಕಷ್ಟವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಕಲಿಸುವವರಿಲ್ಲದೆ ಯಂತ್ರವನ್ನಷ್ಟೇ ದಾನ ಮಾಡಿದರೆ ಫಲವಿಲ್ಲವೆಂಬುದೂ ಅಷ್ಟೇ ಸಿದ್ಧ.

೬. ಬದಲಾವಣೆಯ ಕ್ರಮ

ವ್ಯವಸ್ಥೆಯನ್ನು ಬದಲಿಸಬಯಸುವವರು ಈ ಕ್ರಮವನ್ನು ಅನುಸರಿಸುವುದು ಕ್ಷೇಮ.

ಮೊದಲಿಗೆ, ಎಲ್ಲ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸಾಧನಗಳಲ್ಲಿ ತೆಗೆದಿಡಬೇಕು.

ಎರಡನೆಯದಾಗಿ, ಹಳೆಯ ಯಂತ್ರ ನಡೆಯುತ್ತಿರುವಾಗಲೇ ನುಡಿ, ಬರಹಗಳ ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದು ಭ್ರಮಿಸಿ ಕೆಡಿಸುವುದುಂಟು. ಆದ್ದರಿಂದ ಮೂಲವನ್ನು ಅಳಿಸದೆ, ಪ್ರತಿ ಪುಟವನ್ನೂ ಕಣ್ಣಿಟ್ಟು ಓದಿ ತಿದ್ದಬೇಕು.

ಮೂರನೆಯದಾಗಿ, ಲಿನಕ್ಸನ್ನು ಯಂತ್ರದಲ್ಲಿ ನೆಲೆಗೊಳಿಸುವ ಮುನ್ನ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬೇಕು. ಮುದ್ರಕ, ಧ್ವನಿ, ಅಂತರಜಾಲ ಸಂಪರ್ಕ, ಕನ್ನಡ ಕೀಲಿಮಣೆ ಈ ನಾಲ್ಕೂ ಸರಿಯಾಗಿ ನಡೆದರೆ ಮಾತ್ರ ಮುಂದುವರಿಯುವುದು.

ನಾಲ್ಕನೆಯದಾಗಿ, ವಿಂಡೋಸಿನಲ್ಲಿಯೇ ಉಳಿಯುವವರೂ ಇನ್ನು ಮುಂದೆ ಯೂನಿಕೋಡಿನಲ್ಲಿಯೇ ಬರೆಯುವ ನಿಯಮವನ್ನು ಇಟ್ಟುಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ, ಅಭ್ಯಾಸವಷ್ಟೇ ಬೇಕು.

ಶಾಲೆಗಳಿಗೆ ಯಂತ್ರಗಳನ್ನು ನೀಡುವ ಉದಾರಿಗಳೂ ಹಳೆಯ ವಿದ್ಯಾರ್ಥಿಗಳೂ ಇದೇ ವಿಚಾರವನ್ನು ಗಮನಿಸಿದರೆ ಅವರ ದಾನ ಹೆಚ್ಚು ಕಾಲ ಬಾಳುತ್ತದೆ. ಹೊಸ ಯಂತ್ರ ಹತ್ತನ್ನು ಕೊಡುವ ಹಣದ ಒಂದು ಭಾಗವನ್ನು ಶಾಲೆಯ ಹಳೆಯ ಕನ್ನಡ ಕಡತಗಳ ಪರಿವರ್ತನೆಗೂ, ಇಬ್ಬರು ಉಪಾಧ್ಯಾಯರ ತರಬೇತಿಗೂ ಮೀಸಲಿಡುವುದು ಕಡಮೆಯ ಸೇವೆಯಲ್ಲ.

ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಕೂಡಿದ ಮೇಲೆ ನೀರು ಯಾವ ಹೊಳೆಯದೆಂದು ಹೊಲದ ಪೈರು ಕೇಳುವುದಿಲ್ಲ. ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಓದುವ ಮುಂದಿನ ತಲೆಮಾರೂ ಅದು ಯಾವ ವ್ಯವಸ್ಥೆಯಲ್ಲಿ ಹುಟ್ಟಿತೆಂದು ಕೇಳಬೇಕಾಗಿ ಬರುವುದಿಲ್ಲ.