ಮಾವನಿಗೆ ಅಳಿಯ ಲಿವರ್ ಕೊಡಬಹುದೇ?

ಪ್ರಶ್ನೆ: ನಾನು ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದೇನೆ, ವಯಸ್ಸು 34. ಕೊಯಮತ್ತೂರಿನಲ್ಲಿರುವ ಮಾವನವರಿಗೆ ಲಿವರ್ ಕಸಿ ಆಗಬೇಕಂತೆ. ಮನೆಯವರೆಲ್ಲ ನನ್ನತ್ತಲೇ ನೋಡುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬಹುದು. ಆದರೆ ಕಾನೂನಿನ ಲೆಕ್ಕದಲ್ಲಿ ಅಳಿಯ ಹತ್ತಿರದ ಸಂಬಂಧಿಯಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ-ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು ಆ ಸಾಲಿನಲ್ಲಿದ್ದಾರೆ. 2011ರ ತಿದ್ದುಪಡಿ ಅಜ್ಜ-ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಹಾಗಾಗಿ ನೀವು ಅನುಮತಿ ಸಮಿತಿಯ ಮುಂದೆ ಹೋಗಬೇಕು. ದುಡ್ಡಿನ ವ್ಯವಹಾರವಿಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು.

ಅದಕ್ಕೂ ಮೊದಲು ರಕ್ತದ ಗುಂಪು ಹೊಂದಬೇಕು. ಆಮೇಲೆ ಸಿ.ಟಿ. ಸ್ಕ್ಯಾನ್‌ನಲ್ಲಿ ಲಿವರ್ ಅಳೆಯುತ್ತಾರೆ. ಕತ್ತರಿಸಿದ ಮೇಲೆ ನಿಮ್ಮಲ್ಲಿ ಕನಿಷ್ಠ ಶೇ. 30ರಷ್ಟು ಉಳಿಯಬೇಕು, ಮಾವನಿಗೆ ಹೋಗುವ ಭಾಗ ಸಾಮಾನ್ಯವಾಗಿ ಅವರ ತೂಕದ ಶೇ. 0.8ರಷ್ಟಾದರೂ ಇರಬೇಕು. ಅವರು 70 ಕೆ.ಜಿ. ಇದ್ದರೆ 560 ಗ್ರಾಂ. ಲಿವರ್‌ನಲ್ಲಿ ಕೊಬ್ಬು ತುಂಬಿದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ನೈಟ್ ಶಿಫ್ಟು, ಪರೋಟಾ, ಬಿಯರು ನಿಮಗೂ ರೂಢಿಯಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ತೂಕ ಇಳಿಸಿಕೊಂಡು ಬಂದು ದಾನಿಯಾದವರೂ ಇದ್ದಾರೆ.

ಲಿವರ್‌ನ ಬಲಭಾಗ ಕೊಟ್ಟವರಲ್ಲಿ ಸಾವಿರಕ್ಕೆ 2ರಿಂದ 5 ಮಂದಿಗೆ ಜೀವಾಪಾಯ ಎಂಬ ಅಂದಾಜಿದೆ. ಇದನ್ನು ನಿಮ್ಮ ಹೆಂಡತಿಯೂ ಕೇಳಿಸಿಕೊಳ್ಳಲಿ. ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಇಷ್ಟಕ್ಕಿಂತ ಮನೆಯವರ ಆ ನೋಟದ ಭಯ. ಆಸ್ಪತ್ರೆಯವರು ದಾನಿಯನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸುವ ಹೊತ್ತಿನಲ್ಲಿ, ಮನಸ್ಸಿಲ್ಲದಿದ್ದರೆ ಹೇಳಿಬಿಡಿ. ಕಾರಣವನ್ನು ಮನೆಯವರಿಗೆ ತಿಳಿಸಬೇಡಿ ಎಂದು ಕೇಳಿಕೊಳ್ಳಬಹುದು.

ನಿಮ್ಮ ನಿರ್ಧಾರ ಏನೇ ಇರಲಿ, ಆಸ್ಪತ್ರೆಯ ಮೂಲಕ ತಮಿಳುನಾಡಿನ ಅಂಗಾಂಗ ಕಸಿ ಪ್ರಾಧಿಕಾರವಾದ ಟ್ರಾನ್ಸ್‌ಟಾನ್‌ನ ಪಟ್ಟಿಯಲ್ಲಿ, ಮೃತ ದಾನಿಯ ಲಿವರ್‌ಗಾಗಿ, ಮಾವನವರ ಹೆಸರನ್ನು ಈಗಲೇ ನೋಂದಾಯಿಸಿ.