ಚೀಲಕ್ಕೂ ಮುಂಚೆ ದಿನವನ್ನು ಅಳೆ

ಇಡೀ ದಿನ ಬೆಟ್ಟ ಓಡುವುದಕ್ಕೆ ಯಾವ ಚೀಲ ಕೊಳ್ಳಲಿ ಚಿಕ್ಕಪ್ಪಾ ಎಂದು ಕೇಳಿದ್ದೀಯ. ಒಂದು ಕಂಪನಿಯ ಹೆಸರು ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತು, ಆದರೆ ನಿನ್ನ ಕೆಲಸ ಕೆಟ್ಟಿತು. ಹೆಸರು ನೋಡಿ ಕೊಂಡ ಚೀಲ ಅಂಗಡಿಯ ಕನ್ನಡಿಯಲ್ಲಿ ಚೆಂದ ಕಾಣುತ್ತದೆ, ಬೆಟ್ಟದ ಏರಿನಲ್ಲಿ ಕೈಕೊಡುತ್ತದೆ. ನಾನು ಹೇಳುವುದು ಇಷ್ಟೇ ಮಗಳೇ: ದಿನದ ಒಳ್ಳೆಯ ಗಂಟೆಗೆಂದು ಚೀಲ ಆರಿಸಬೇಡ, ಕೆಟ್ಟ ಗಂಟೆಗೆಂದು ಆರಿಸು.

ಕುಮಾರಪರ್ವತವನ್ನೇ ತಗೋ. ತುದಿ ಇರುವುದು 1712 ಮೀಟರ್ ಎತ್ತರದಲ್ಲಿ. ಕುಕ್ಕೆಯಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರಬೇಕು. ಮೊದಲು ದಟ್ಟ ಕಾಡು, ನೆರಳು, ಸೆಕೆ. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಬೋಳು ಹುಲ್ಲುಗುಡ್ಡ, ನೆತ್ತಿಯ ಮೇಲೆ ಬಿಸಿಲು. ಕಲ್ಲುಮಂಟಪದ ಹತ್ತಿರ ನೀರು ಸಿಗುತ್ತದಾದರೂ ಬೇಸಿಗೆ ಹತ್ತಿರವಾದಂತೆ ಅದನ್ನು ನಂಬಿ ಹೋಗುವಂತಿಲ್ಲ. ತುದಿಯಲ್ಲಿ ಮಂಜು, ಗಾಳಿ. ಕಾಲು ಉಳುಕಿ ಇಳಿಯುವುದು ತಡವಾದರೆ ಕಾಡಿನೊಳಗೆ ಕತ್ತಲು. ಇಷ್ಟೂ ಒಂದೇ ದಿನದಲ್ಲಿ. ಅಂಥ ದಿನಕ್ಕೆ ಏನೇನು ಬೇಕೋ ಅದನ್ನೆಲ್ಲ ಮೊದಲು ಮನೆಯಲ್ಲಿ ಚಾಪೆಯ ಮೇಲೆ ಹರಡು: ಒಂದೂವರೆಯಿಂದ ಎರಡು ಲೀಟರ್ ನೀರು, ತಿಂಡಿ, ಟೊಪ್ಪಿಯಿರುವ ಮಳೆ ಜಾಕೆಟ್, ಹೆಡ್‌ಲ್ಯಾಂಪ್, ಕ್ರೇಪ್ ಬ್ಯಾಂಡೇಜ್, ಸೀಟಿ, ಮೈಗೆ ಸುತ್ತಿಕೊಳ್ಳುವ ಬೆಳ್ಳಿಬಣ್ಣದ ತೆಳು ಹೊದಿಕೆ, ಓಆರ್‌ಎಸ್, ಫೋನು, ಸ್ವಲ್ಪ ಹಣ, ಅರಣ್ಯ ಇಲಾಖೆಯ ಅನುಮತಿ ಚೀಟಿ. ಚೀಲ ಎಷ್ಟು ಲೀಟರಿನದಿರಬೇಕು ಎಂಬುದನ್ನು ಆ ಚಾಪೆಯೇ ಹೇಳುತ್ತದೆ.

ಸಾಮಾನ್ಯವಾಗಿ ಎರಡು ಮೂರು ಗಂಟೆಯ ಓಟಕ್ಕೆ 5 ಲೀಟರಿನ ವೆಸ್ಟ್, ಅಂದರೆ ಅಂಗಿಯಂತೆ ಮೈಗೆ ತೊಡುವ ಚೀಲ, ಸಾಕು. ಬೆಳಗಿನಿಂದ ಸಂಜೆಯವರೆಗೆಂದರೆ 8ರಿಂದ 12 ಲೀಟರ್ ಬೇಕು. ಅದಕ್ಕಿಂತ ದೊಡ್ಡದು ಬೇಡ. ಜಾಗ ಇದ್ದರೆ ತುಂಬುವುದು ಮನುಷ್ಯನ ಗುಣ, ತುಂಬಿದ್ದನ್ನು ಹೊರುವುದು ಮಂಡಿಯ ಪಾಡು. ನೀರೊಂದೇ ಲೀಟರಿಗೆ ಒಂದು ಕಿಲೋ ತೂಗುತ್ತದೆ, ಮರೆಯಬೇಡ.

ಅಳತೆಯನ್ನು ಎತ್ತರದಿಂದಲ್ಲ, ಎದೆಯ ಸುತ್ತಳತೆಯಿಂದ ನೋಡು. ಓಡುವಾಗ ತೊಡುವ ಬಟ್ಟೆಯಲ್ಲೇ ಅಂಗಡಿಗೆ ಹೋಗು. ಖಾಲಿ ಚೀಲ ಯಾರ ಮೈಮೇಲಾದರೂ ಸರಿಯಾಗಿಯೇ ಕೂರುತ್ತದೆ. ಮುಂದೆ ಎರಡು ತುಂಬಿದ ಬಾಟಲಿ, ಹಿಂದೆ ಜಾಕೆಟ್ ತುರುಕಿ ಹಾಕಿಕೋ. ನಿಂತಲ್ಲೇ ಕುಪ್ಪಳಿಸು, ಬಗ್ಗು, ಕೈ ಎತ್ತು. ಚೀಲ ನಿನ್ನ ಜೊತೆಗೇ ಏಳಬೇಕು, ನೀನು ನೆಲ ಮುಟ್ಟಿದ ಮೇಲೆ ಬಂದು ಬೆನ್ನಿಗೆ ಬಡಿಯಬಾರದು. ಆಮೇಲೆ ಉಸಿರನ್ನು ಪೂರ್ತಿ ಒಳಗೆಳೆದುಕೋ. ಪಟ್ಟಿ ಬಿಗಿದರೆ ಏರಿನಲ್ಲಿ ಉಸಿರು ಸಾಲದು. ಎದೆಯ ಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಲು ಬರುತ್ತದೆಯೇ ಎಂದು ನೋಡು. ಹೆಂಗಸರಿಗೆಂದೇ ಹೊಲಿದ ವೆಸ್ಟುಗಳಲ್ಲಿ ಪಟ್ಟಿ, ಬಾಟಲಿಗಳ ಜಾಗ ಬೇರೆ ಇರುತ್ತದೆ. ಸಂಕೋಚಪಡದೆ ಅವನ್ನೂ ತರಿಸಿ ಹಾಕಿ ನೋಡು.

ನೀರಿಗೆ ಎದೆಯ ಮೇಲಿನ ಅರ್ಧ ಲೀಟರಿನ ಎರಡು ಮೆತ್ತನೆಯ ಫ್ಲಾಸ್ಕುಗಳೇ ನನಗೆ ಮೆಚ್ಚು. ಎಷ್ಟು ಕುಡಿದೆ, ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ, ತುಂಬಿಸಿಕೊಳ್ಳುವುದೂ ಸುಲಭ. ಒಂದರಲ್ಲಿ ಓಆರ್‌ಎಸ್ ಇರಲಿ, ಇನ್ನೊಂದರಲ್ಲಿ ಬರೀ ನೀರು. ಗಾಯ ತೊಳೆಯಲು ಸಕ್ಕರೆ ನೀರು ಬರುವುದಿಲ್ಲ. ಒಂದು ಲೀಟರಿಗೆಂದು ಬರೆದಿರುವ ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿಯಬೇಡ, ಉಪ್ಪು ಹೆಚ್ಚಾಗುತ್ತದೆ. ಕುಮಾರಪರ್ವತದಂತೆ ನೀರನ್ನು ನಂಬುವಂತಿಲ್ಲದ, ಒಂದು ಲೀಟರ್ ಸಾಲದ ದಾರಿಗೆ ಮಾತ್ರ ಬೆನ್ನಿಗೆ ಕೊಳವೆಯ ಬ್ಲ್ಯಾಡರ್ ಸೇರಿಸು. ತುಂಬಿಸಿದ ಮೇಲೆ ಅದನ್ನು ತಲೆಕೆಳಗು ಮಾಡಿ ಕೊಳವೆಯಿಂದ ಗಾಳಿ ಹೀರಿಬಿಟ್ಟರೆ ದಾರಿಯುದ್ದಕ್ಕೂ ಗುಳುಗುಳು ಸದ್ದು ಕೇಳಬೇಕಾಗಿಲ್ಲ.

ಜೇಬುಗಳ ವಿಷಯದಲ್ಲಿ ನಿಯಮ ಒಂದೇ: ಓಡುತ್ತಾ ಬೇಕಾಗುವುದು ಚೀಲ ಕಳಚದೆ ಕೈಗೆ ಸಿಗಬೇಕು. ಕಳಚಿ ತೆಗೆಯಬೇಕಾದ ಚಿಕ್ಕಿಯನ್ನು ದಣಿದವರು ತಿನ್ನುವುದೇ ಇಲ್ಲ, ಆಮೇಲೆ ತಲೆ ಸುತ್ತಿ ಕೂರುತ್ತಾರೆ. ಕರದಂಟು, ಖರ್ಜೂರ, ಸೀಟಿ, ಫೋನು ಮುಂದಿರಲಿ. ನೆನಪಿಡು, ಇಂಥ ಚೀಲಗಳು ಮಳೆ ತಡೆಯುವುದಿಲ್ಲ. ಹೊರಗಿನ ಮಳೆಗಿಂತ ಮೊದಲು ಬೆನ್ನಿನ ಬೆವರೇ ಒಳಗಿಳಿಯುತ್ತದೆ. ಫೋನು, ಒಣಬಟ್ಟೆ ಜಿಪ್ ಕವರಿನಲ್ಲಿರಲಿ. ತಿಂದ ಕಾಗದಕ್ಕೂ ಒಂದು ಜೇಬು ಮೀಸಲಿಡು, ಕಾಡಿಗೆ ಎಸೆಯಬೇಡ.

ಜಾಕೆಟ್ ಎಲ್ಲಕ್ಕಿಂತ ಮೇಲೆ, ಮೊದಲು ಕೈಗೆ ತಗಲುವಂತೆ ಇರಲಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದೋಟ ನಡೆಯಿತು. ಹೊರಟವರು 172 ಮಂದಿ. ನಡುವೆ ಗಾಳಿ, ಆಲಿಕಲ್ಲು, ಕೊರೆಯುವ ಮಳೆ ಬಂತು. 21 ಓಟಗಾರರು ತೀರಿಕೊಂಡರು. ದೇಶದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಅವರಲ್ಲೊಬ್ಬ. ಗಾಳಿ ತಡೆಯುವ ಜಾಕೆಟ್ ಅಲ್ಲಿ ಕಡ್ಡಾಯವಿರಲಿಲ್ಲ. ಚಳಿಯ ಮುಂದೆ ಕಾಲಿನ ಕಸುವು ಲೆಕ್ಕಕ್ಕೆ ಬರಲಿಲ್ಲ. ಆಲ್ಪ್ಸ್‌ನ ಮೋಂ ಬ್ಲಾಂ ಸುತ್ತ 2003ರಿಂದ ನಡೆಯುವ ಸುಮಾರು 170 ಕಿಲೋಮೀಟರಿನ ಓಟದಲ್ಲಿ ಟೊಪ್ಪಿಯ ಜಾಕೆಟ್, ಎರಡು ಹೆಡ್‌ಲ್ಯಾಂಪ್, ಸೀಟಿ, ತೆಳು ಹೊದಿಕೆ, ಕನಿಷ್ಠ ಒಂದು ಲೀಟರ್ ನೀರು ಒಯ್ಯುವ ವ್ಯವಸ್ಥೆ ಇಲ್ಲದವರನ್ನು ಓಡಲು ಬಿಡುವುದಿಲ್ಲ. ನಮ್ಮ ಪಶ್ಚಿಮಘಟ್ಟದಲ್ಲಿ ಹಿಮ ಬೀಳುವುದಿಲ್ಲ ನಿಜ. ಆದರೆ ಬೆವರಿ ತೊಯ್ದ ಮೈಗೆ ಮುಳ್ಳಯ್ಯನಗಿರಿಯ ಗಾಳಿ ಹೊಡೆದರೆ, ಕಾಲು ಉಳುಕಿ ಕೂತವರಿಗೆ ಅರ್ಧ ಗಂಟೆಯಲ್ಲೇ ಹಲ್ಲು ಕಟಕಟಿಸುತ್ತದೆ.

ಆದ್ದರಿಂದ ಕೈಯಲ್ಲಿರುವ ಹಣವನ್ನು ಹೀಗೆ ಹಂಚು: ಮೊದಲು ಒಳ್ಳೆಯ ಜಾಕೆಟ್, ಆಮೇಲೆ ಹೆಡ್‌ಲ್ಯಾಂಪ್, ಉಳಿದದ್ದರಲ್ಲಿ ಚೀಲ. ಮೈಗೆ ಕೂರುವ ಅಗ್ಗದ ಚೀಲ ಮೈಗೆ ಕೂರದ ದುಬಾರಿ ಚೀಲಕ್ಕಿಂತ ಮೇಲು. ಯಾರಾದರೂ ಬಳಸಿ ಬಿಟ್ಟದ್ದಾದರೂ ಸರಿ, ಜಿಪ್ಪು, ಬಕಲ್ಲು, ಹೊಲಿಗೆ ಗಟ್ಟಿಯಿವೆಯೇ ನೋಡಿಕೋ.

ಹೊಸ ಚೀಲವನ್ನು ಮೊದಲ ಸಲ ದೊಡ್ಡ ದಿನಕ್ಕೆ ಒಯ್ಯಬೇಡ. ಪೂರ್ತಿ ಭಾರ ತುಂಬಿ ಊರ ಹತ್ತಿರದ ಗುಡ್ಡದಲ್ಲಿ ಮೂರು ನಾಲ್ಕು ಗಂಟೆ ಓಡಿ ಬಾ. ಸ್ನಾನಕ್ಕೆ ನೀರು ಸುರಿದುಕೊಂಡಾಗ ಎಲ್ಲಿ ಉರಿಯುತ್ತದೋ ಅಲ್ಲಿ ಚೀಲ ಉಜ್ಜಿದೆ ಎಂದರ್ಥ. ಅಲ್ಲಿಗೆ ಮುಂದಿನ ಸಲ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚು, ಪಟ್ಟಿ ಸರಿಮಾಡು. ಆಗಲೂ ಉರಿದರೆ ಚೀಲ ಬದಲಿಸು. ಬಂದ ದಿನವೇ ಚೀಲವನ್ನು ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸು, ಕೊಳವೆಯೊಳಗೆ ನೀರು ನಿಲ್ಲದಂತೆ ನೋಡಿಕೋ.

ಭಾರ ಹೆಚ್ಚಾಯಿತು, ಏನಾದರೂ ತೆಗೆಯಲೇ ಎಂದು ಹೊರಡುವ ಹಿಂದಿನ ರಾತ್ರಿ ಅನ್ನಿಸಿಯೇ ಅನ್ನಿಸುತ್ತದೆ. ತೆಗೆ, ಬೇಡವೆನ್ನುವುದಿಲ್ಲ. ಇನ್ನೊಂದು ಜೊತೆ ಬಟ್ಟೆ, ಕ್ಯಾಮೆರಾ, ಮೂರನೆಯ ಡಬ್ಬಿ ತಿಂಡಿ ತೆಗೆ. ನೀರು, ಬೆಳಕು, ಜಾಕೆಟ್ ಈ ಮೂರಕ್ಕೆ ಕೈ ಹಾಕಬೇಡ. ಎಲ್ಲಿಗೆ ಹೋಗುತ್ತೀ, ಎಷ್ಟು ಗಂಟೆಗೆ ಹಿಂದಿರುಗುತ್ತೀ ಎಂದು ಮನೆಯಲ್ಲಿ ಹೇಳಿಯೇ ಹೊರಡು. ಆ ಗಂಟೆ ಮೀರುವಂತಿದ್ದರೆ ತುದಿ ಕಣ್ಣೆದುರಿಗಿದ್ದರೂ ತಿರುಗಿ ಬಾ.