ಗೋವನ್‌ನ ಗೋರಿಗಲ್ಲುಗಳು

ಗ್ಲಾಸ್ಗೋಗೆ ಹೋದವರು ಊರ ನಡುವಿನ ಕೆಥೆಡ್ರಲ್ ನೋಡಿ ಎಡಿನ್‌ಬರೋ ರೈಲು ಹತ್ತಿಬಿಡುವುದೇ ಹೆಚ್ಚು. ಅರ್ಧ ದಿನ ಬಿಡುವಿದ್ದರೆ ಗೋವನ್‌ಗೆ ಹೋಗಿ. ಸಬ್‌ವೇ ಅಲ್ಲಿ ವರ್ತುಲವಾಗಿ ಸುತ್ತುತ್ತದೆ, ಆದ್ದರಿಂದ ತಪ್ಪು ಕಡೆಯ ಗಾಡಿ ಹತ್ತಿದರೂ ಗೋವನ್ ಬಂದೇ ಬರುತ್ತದೆ. ಸ್ಟೇಷನ್ನಿಂದ ಗೋರಿಗಲ್ಲುಗಳಿರುವ ಚರ್ಚಿಗೆ ಕೆಲವೇ ನಿಮಿಷದ ನಡಿಗೆ. ಹಡಗು ಕಟ್ಟುತ್ತಿದ್ದ ಕಾರ್ಮಿಕರ ಪೇಟೆಯಾದ್ದರಿಂದ ಬೀದಿಯಲ್ಲಿ ಪ್ರವಾಸಿ ಊರಿನ ಥಳುಕು ಹುಡುಕಬೇಡಿ.

ಗೋವನ್ ಓಲ್ಡ್ ಚರ್ಚಿನ ಈಗಿನ ಕಟ್ಟಡ 1888ರದು. ಒಳಗಿರುವ 31 ಕಲ್ಲುಗಳು 9ರಿಂದ 11ನೇ ಶತಮಾನದವು. 870ರಲ್ಲಿ ವೈಕಿಂಗರು ಡಂಬಾರ್ಟನ್ ಬಂಡೆಯ ಕೋಟೆಯನ್ನು ಮುತ್ತಿ ಹಾಳುಗೆಡವಿದ ಮೇಲೆ, ಕೋಟೆ ಕಳೆದುಕೊಂಡ, ಸ್ಟ್ರಾತ್‌ಕ್ಲೈಡ್ ರಾಜ್ಯದ ಬ್ರಿಟನ್ ಜನಾಂಗದ ಅರಸರಿಗೆ ಕ್ಲೈಡ್ ನದಿಯ ಮೇಲ್ಹರಿವಿನ ಈ ಜಾಗ ಮುಖ್ಯವಾಯಿತು. ಇವು ಅರಸುಮನೆತನದವರ, ಪ್ರಮುಖರ ಗೋರಿಗಳ ಮೇಲಿದ್ದ ಕಲ್ಲುಗಳು ಎಂಬುದು ವಿದ್ವಾಂಸರ ಎಣಿಕೆ.

ಎಲ್ಲರೂ ಮೊದಲು ನಿಲ್ಲುವುದು ಐದು ‘ಹಾಗ್‌ಬ್ಯಾಕ್’ಗಳ ಮುಂದೆ. ಹೆಸರಿಗೆ ಹಂದಿಬೆನ್ನು, ನೋಡಲು ಕವುಚಿಟ್ಟ ದೋಣಿ. ಮೈಮೇಲೆ ಹಂಚು ಹೊದಿಸಿದಂಥ ಕೆತ್ತನೆಯಿದೆ, ಸತ್ತವರಿಗೊಂದು ಮನೆ ಕಟ್ಟಿಕೊಟ್ಟ ಹಾಗೆ. 1855ರಲ್ಲಿ ಚರ್ಚಿನ ಅಂಗಳ ಅಗೆಯುವಾಗ ಸಿಕ್ಕ ಮರಳುಗಲ್ಲಿನ ಶವಪೆಟ್ಟಿಗೆಯ ಒಂದು ಬದಿಯ ಕೆತ್ತನೆಯಲ್ಲಿ ಕುದುರೆಯೇರಿದ ಬೇಟೆಗಾರನಿದ್ದಾನೆ. ಅವನನ್ನು ಹುಡುಕಿ ನೋಡಿ.

ನನ್ನ ಮನಸ್ಸು ಮಾತ್ರ ಚಪ್ಪಟೆ ಹಾಸುಗಲ್ಲುಗಳದ್ದು. ನಡುವೆ ಶಿಲುಬೆ, ಅದರ ಒಳಗೂ ಸುತ್ತಲೂ ಚಾಪೆ ಹೆಣೆದಂತೆ ಮೇಲೆ ಕೆಳಗೆ ನುಸುಳುವ ಎಳೆಗಳು. ಕೆತ್ತನೆ ಸವೆದಿದೆ, ಎದುರು ನಿಂತರೆ ಏನೂ ಕಾಣದು. ಪಕ್ಕಕ್ಕೆ ಸರಿದು, ಓರೆ ಬೆಳಕಿನಲ್ಲಿ ಒಂದೇ ಎಳೆ ಹಿಡಿದು ಕಣ್ಣಲ್ಲೇ ಹಿಂಬಾಲಿಸಿ. ಎಳೆ ರಂಗೋಲಿ ಹಾಕಿ ಕೈ ಪಳಗಿದವರಿಗೆ ಇದು ಬೇಗ ಒಲಿಯುತ್ತದೆ. ಮುಟ್ಟಬೇಡಿ. ಮೊಬೈಲಿನ ಟಾರ್ಚ್ ಹಿಡಿಯುವುದಾದರೆ ಅಲ್ಲಿರುವವರನ್ನು ಕೇಳಿ ಹಿಡಿಯಿರಿ.

ಕೆಲವು ಕಲ್ಲುಗಳ ಹೆಣಿಗೆಯನ್ನೇ ಸೀಳಿಕೊಂಡು ಇಂಗ್ಲಿಷ್ ಅಕ್ಷರಗಳಿವೆ. ಅವು ರಾಜರ ಹೆಸರಲ್ಲ. ಶತಮಾನಗಳ ಬಳಿಕ ಇದೇ ಕಲ್ಲುಗಳನ್ನು ತಮ್ಮವರ ಗೋರಿಗೆ ಬಳಸಿಕೊಂಡ ಊರವರು ಕೊರೆಸಿದ್ದು. ಕಲ್ಲು ಮಾಡಿಸಿದವರು ಅನಾಮಿಕರಾಗಿ ಉಳಿದರು, ಎರವಲು ಪಡೆದವರ ಹೆಸರು ನಿಂತಿತು!

ಪ್ರವೇಶಕ್ಕೆ ಟಿಕೆಟ್ಟಿಲ್ಲ, ಕಾಣಿಕೆ ಹಾಕಬಹುದು. ಸಾಮಾನ್ಯವಾಗಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ಅದೂ ಮಧ್ಯಾಹ್ನದ ಮೇಲೆ ತೆರೆದಿರುತ್ತದೆ. ಹೊರಡುವ ಮುಂಚೆ ವೇಳೆ ಖಚಿತಪಡಿಸಿಕೊಳ್ಳಿ. ಮರಳುವಾಗ ಸಬ್‌ವೇ ಬೇಡ. 2024ರಲ್ಲಿ ಕ್ಲೈಡ್ ನದಿಗೆ ಕಟ್ಟಿದ ಕಾಲ್ಸೇತುವೆ ದಾಟಿದರೆ ರಿವರ್‌ಸೈಡ್ ಮ್ಯೂಸಿಯಂ ಸಿಗುತ್ತದೆ.

ಚರ್ಚಿನಿಂದ ಹೊರಡುವ ಮೊದಲು ಅದರ ಅಂಗಳದಲ್ಲೂ ಒಂದು ಸುತ್ತು ಹಾಕಿ. 1970ರ ದಶಕದಲ್ಲಿ ಪಕ್ಕದ ಹಡಗುಕಟ್ಟೆ ಕೆಡವುವಾಗ ಹಾಳಾದುವೆಂದು ಕೈಬಿಟ್ಟಿದ್ದ ಕಲ್ಲುಗಳಲ್ಲಿ ಕೆಲವು 2019ರಲ್ಲಿ ಇಲ್ಲೇ ಮಣ್ಣಡಿ ಸಿಕ್ಕವು. ಮೊದಲನೆಯದನ್ನು ಕಂಡದ್ದು ಉತ್ಖನನಕ್ಕೆ ಕೈಜೋಡಿಸಲು ಬಂದಿದ್ದ ಒಬ್ಬ ಶಾಲಾ ಹುಡುಗ.